ಕನ್ನಡದ ಚಿತ್ರ ಪುಸ್ತಕಗಳು: ಹುಬ್ಬಳ್ಳಿ-ಧಾರವಾಡದಲ್ಲಿ ಯಾವುದು ತಗೋಬೇಕು, ಯಾವುದು ಬೇಡ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಮೂರರಿಂದ ಆರು ವರ್ಷದ ಮಗು ಇದ್ದರೆ ಪ್ರಥಮ್ ಬುಕ್ಸ್ ಅವರ ಕನ್ನಡ ಚಿತ್ರ ಪುಸ್ತಕಗಳನ್ನು ತಗೊಳ್ಳಿ. ಹೆಚ್ಚಿನವು ಒಂದೊಂದು ನೂರು ರೂಪಾಯಿ ಒಳಗೇ ಸಿಗುತ್ತವೆ. ಚಿತ್ರ ಚೆನ್ನಾಗಿರುತ್ತವೆ, ಮಾತು ಕಡಿಮೆ, ಮತ್ತು ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಕಥೆಗಳು ಆಟ ಆಡುತ್ತವೆ. ಕೊನೆಯ ಪುಟದಲ್ಲಿ ಬೆರಳು ಎತ್ತಿ ಬುದ್ಧಿ ಹೇಳೋದು ಬಹಳ ಕಡಿಮೆ.

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಣ್ಣ ಮಕ್ಕಳಿಗೆ ಪುಸ್ತಕ ಅಂದ ಕೂಡಲೇ ನಮಗೆ ನೆನಪಾಗೋದು ಎರಡೇ. ಒಂದು ಅಕ್ಷರ ಕಲಿಸೋದು, ಇನ್ನೊಂದು ನೀತಿ ಹೇಳೋದು. ಎರಡೂ ಬೇಕು, ಇಲ್ಲ ಅನ್ನಲ್ಲ. ಆದರೆ ಮೂರು ವರ್ಷದ ಕೂಸು ಒಂದು ಪುಸ್ತಕವನ್ನು ತಾನೇ ಎಳೆದುಕೊಂಡು ಬಂದು ನಮ್ಮ ತೊಡೆ ಮೇಲೆ ಇಟ್ಟು "ಓದು" ಅನ್ನೋದು ಅದರಲ್ಲಿ ಅ-ಆ-ಇ-ಈ ಇದೆ ಅಂತ ಅಲ್ಲ. ಅದರಲ್ಲಿ ನಗೋಕೆ ಏನೋ ಇದೆ, ಹುಡುಕೋಕೆ ಏನೋ ಇದೆ, ನಿಜದಲ್ಲಿ ಆಗದೇ ಇರೋದು ಏನೋ ಆಗುತ್ತದೆ, ಅದಕ್ಕೆ. ನಾನು ಪುಸ್ತಕ ಅಳೆಯೋದು ಇದೊಂದರಿಂದಲೇ: ನಾಳೆ ನನ್ನ ಮಗಳು ಮತ್ತೆ ಕೇಳುತ್ತಾಳಾ, ಇಲ್ವಾ?

ಇನ್ನು ನಮ್ಮ ಪೇಟೆಯ ವಿಷಯ. ಹುಬ್ಬಳ್ಳಿಯಲ್ಲಿ ಕೊಪ್ಪೀಕರ ರಸ್ತೆ, ಸ್ಟೇಷನ್ ರಸ್ತೆ ಕಡೆ, ಧಾರವಾಡದಲ್ಲಿ ಸುಭಾಸ ರಸ್ತೆ ಕಡೆ ಪುಸ್ತಕದಂಗಡಿಗಳಿಗೆ ಬರವಿಲ್ಲ. 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಪ್ರಕಾಶನದ ಅಟ್ಟ ಇರೋ ಊರು ಧಾರವಾಡ, ದೊಡ್ಡವರ ಓದಿಗೆ ಇಲ್ಲಿ ಯಾವತ್ತೂ ಕೊರತೆ ಆಗಿಲ್ಲ. ಸಣ್ಣವರ ಪುಸ್ತಕ ಕೇಳಿದಾಗ ಮಾತ್ರ ಉತ್ತರ ಬೇರೆ. ಒಂದು ಅಂಗಡಿಯಲ್ಲಿ, ಹೆಸರು ಬೇಡ, ಅವರು ಬಹಳ ಒಳ್ಳೆಯ ಮನುಷ್ಯರೇ, ನನಗೆ ಸಿಕ್ಕ ಉತ್ತರ ಇದು: "ಅಕ್ಕಾರ, ಸಣ್ಣ ಹುಡುಗರಿಗೆ ಅಂದ್ರ ಚಾರ್ಟ್ ಅದಾವ್ರಿ, ತಿದ್ದೂ ಪುಸ್ತಕ ಅದಾವ್ರಿ. ಕನ್ನಡದಾಗ ಬಣ್ಣದ ಕಥಿ ಪುಸ್ತಕ ಯಾರೂ ಕೇಳೂದಿಲ್ರಿ." ಕೇಳೋದಿಲ್ಲ ಅಂತ ತರಿಸಲ್ಲ, ತರಿಸಿಲ್ಲ ಅಂತ ಯಾರಿಗೂ ಗೊತ್ತಾಗಲ್ಲ, ಗೊತ್ತಿಲ್ಲ ಅಂತ ಕೇಳಲ್ಲ. ಇದು ಹೀಗೇ ಸುತ್ತುತ್ತಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ, ಯಾರಾದರೂ ಹೋಗಿ ಹೆಸರು ಹಿಡಿದು ಕೇಳಲಿ ಅಂತ.

ಸಾಮಾನ್ಯವಾಗಿ ನಮ್ಮ ಕೈಗೆ ಬರೋ ಸೆಟ್ ಪುಸ್ತಕಗಳ ಬಗ್ಗೆಯೂ ಹೇಳಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಹತ್ತು ಪುಸ್ತಕ ಒಟ್ಟಿಗೆ, ಹೊಳೆಯೋ ಕಾಗದ, ಮುಖಪುಟದಲ್ಲಿ ದೊಡ್ಡ ಕಣ್ಣಿನ ಸಿಂಹ. ಒಳಗೆ ತೆಗೆದರೆ ಒಂದು ಪುಟದ ತುಂಬಾ ಸಣ್ಣಕ್ಷರದ ಕಥೆ, ಪಕ್ಕದ ಪುಟದಲ್ಲಿ ಎಲ್ಲಿಂದಲೋ ತಂದು ಅಂಟಿಸಿದ ಚಿತ್ರ. ಕಥೆಯಲ್ಲಿ ಮೊಲ ಅಳುತ್ತಿದೆ, ಚಿತ್ರದಲ್ಲಿ ಹಲ್ಲು ಕಿರಿಯುತ್ತಿದೆ. ಮಕ್ಕಳು ಇದನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಈಗೀಗ ಕಂಪ್ಯೂಟರೇ ಬರೆದುಕೊಟ್ಟ ಚಿತ್ರಗಳೂ ಬರುತ್ತಿವೆ. ಮೊದಲ ಪುಟದಲ್ಲಿ ಹುಡುಗನ ಅಂಗಿ ಕೆಂಪು, ಮೂರನೇ ಪುಟದಲ್ಲಿ ನೀಲಿ, ಮುಖವೂ ಬೇರೆ ಹುಡುಗನದು, ಕೈಯಲ್ಲಿ ಬೆರಳು ಆರು. "ಇಂವ ಯಾರು?" ಅಂತ ಮಗಳು ಕೇಳಿದರೆ ನಾನು ಏನು ಹೇಳಲಿ? ಚಿತ್ರ ಓದಲು ಈಗಷ್ಟೇ ಕಲಿಯುತ್ತಿರೋ ಮಗುವಿಗೆ ಇಂಥ ಪುಸ್ತಕ ಕೊಡಬೇಡಿ. ಅಗ್ಗ ಅನಿಸಿದರೂ ಬೇಡ.

ಈಗ ಒಳ್ಳೆಯದಕ್ಕೆ ಬರೋಣ. ಪ್ರಥಮ್ ಬುಕ್ಸ್ 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಂಸ್ಥೆ, ಲಾಭಕ್ಕಾಗಿ ನಡೆಸೋದಲ್ಲ. ಒಂದೇ ಪುಸ್ತಕವನ್ನು ಹಲವು ಭಾರತೀಯ ಭಾಷೆಗಳಲ್ಲಿ ತರುತ್ತಾರೆ, ಅದಕ್ಕೇ ಬೆಲೆ ಇಳಿಸೋಕೆ ಆಗುತ್ತದೆ. ಬಣ್ಣದ ಚಿತ್ರ ಎಲ್ಲಕ್ಕೂ ಒಂದೇ, ಮಾತು ಮಾತ್ರ ಬದಲು. ಪುಸ್ತಕದ ಮೇಲೆ ಲೆವೆಲ್ ಬರೆದಿರುತ್ತದೆ, ಒಂದರಿಂದ ನಾಲ್ಕು. ಮೊದಲ ಲೆವೆಲ್‌ನಲ್ಲಿ 250ಕ್ಕಿಂತ ಕಡಿಮೆ ಪದ, ಎರಡರಲ್ಲಿ 600ರವರೆಗೆ, ಮೂರರಲ್ಲಿ 1500ರವರೆಗೆ, ನಾಲ್ಕರಲ್ಲಿ ಅದಕ್ಕೂ ಜಾಸ್ತಿ. ಈ ಲೆವೆಲ್ ಮಗು ತಾನೇ ಓದೋದಕ್ಕೆ ಮಾಡಿದ್ದು. ನಾವು ಓದಿ ಹೇಳೋದಾದರೆ ಒಂದು ಲೆವೆಲ್ ಮೇಲಿನದನ್ನೂ ಧೈರ್ಯವಾಗಿ ತಗೋಬಹುದು. ನನ್ನ ಮಗಳಿಗೆ ಈಗ ನಾಲ್ಕು ವರ್ಷ. ಎರಡನೇ ಲೆವೆಲ್ ಕಥೆಗಳನ್ನು ಕಣ್ಣು ಮಿಟುಕಿಸದೆ ಕೇಳುತ್ತಾಳೆ, ಮೂರನೆಯದಕ್ಕೆ ಅರ್ಧದಲ್ಲಿ ಎದ್ದು ಹೋಗುತ್ತಾಳೆ.

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಓದಿಸಿಕೊಂಡಿದ್ದು ಶೃಂಗೇರಿ ಶ್ರೀನಿವಾಸ ಅನ್ನೋ ರೈತನ ಕಥೆ. ಅವನಿಗೆ ಕೂದಲು ಉದ್ದ, ಬಹಳ ಉದ್ದ. ವರ್ಷಕ್ಕೊಮ್ಮೆ ಮಾತ್ರ ಕತ್ತರಿಸೋದು. ಆ ದಿನ ಬರುತ್ತದೆ, ಕ್ಷೌರದವನಿಗೆ ಪುರುಸೊತ್ತಿಲ್ಲ. ಅಲ್ಲಿಂದ ಇನ್ನೊಬ್ಬರ ಹತ್ತಿರ ಹೋಗುತ್ತಾನೆ, ಅವರಿಗೂ ಆಗಲ್ಲ, ಮತ್ತೊಬ್ಬರಿಗೂ ಆಗಲ್ಲ, ಕೊನೆಗೆ ಹುಲಿಯ ಗುಹೆ. ಅಲ್ಲಿ ಏನಾಗುತ್ತದೆ ಅಂತ ಇಲ್ಲಿ ಬರೆಯಲ್ಲ, ನಿಮ್ಮ ಮಕ್ಕಳ ಜೊತೆ ಪುಟ ತಿರುವಿ ನೋಡಿ. 2012ರ ವಿಶ್ವ ಸಾಕ್ಷರತಾ ದಿನದಂದು ದೇಶದ ಬೇರೆ ಬೇರೆ ಕಡೆ ಮಕ್ಕಳಿಗೆ ಇದೇ ಕಥೆ ಓದಿ ಹೇಳಿದ್ದರು, ಅಷ್ಟು ಜನರಿಗೆ ಹಿಡಿಸಿದ ಪುಸ್ತಕ. ಇದನ್ನು ಓದೋದು ನಮ್ಮ ಅತ್ತೆಯವರು. ಅವರು ಚಂದಮಾಮ ಓದಿ ಬೆಳೆದವರು, ಕಥೆ ಅಂದರೆ ತುಂಬ ಮಾತಿರಬೇಕು ಅನ್ನೋರು. ಮೊದಲು ಪುಸ್ತಕ ತಿರುವಿ ನೋಡಿ "ಇದರಾಗ ಓದಾಕ ಏನೈತವಾ, ಎರಡು ಸಾಲ ಅದಾವು" ಅಂದರು. ಆಮೇಲೆ ಓದೋಕೆ ಕೂತಾಗ ಆ ಎರಡು ಸಾಲಿಗೆ ಅವರೇ ಹತ್ತು ಸಾಲು ಸೇರಿಸಿದರು. ಕ್ಷೌರದವನಿಗೆ ಒಂದು ದನಿ, ಹುಲಿಗೆ ಒಂದು ದನಿ. ಈಗ ಮಧ್ಯಾಹ್ನ ಊಟ ಆದ ಮೇಲೆ "ಅಜ್ಜಿ, ಕೂದಲಾ ಪುಸ್ತಕ ಓದು ಬಾ" ಅಂತ ಸೆರಗು ಹಿಡಿದು ಎಳೆಯೋದು ದಿನಾ ಇದ್ದಿದ್ದೇ.

ಚಿತ್ರ ಪುಸ್ತಕದ ಸೊಗಸೇ ಇದು. ಮಾತು ಅರ್ಧ ಹೇಳಿ ನಿಲ್ಲುತ್ತದೆ, ಉಳಿದದ್ದನ್ನು ಚಿತ್ರ ಹೇಳುತ್ತದೆ. ಎರಡೂ ಒಂದನ್ನೇ ಹೇಳಿದರೆ ಮಗುವಿಗೆ ಮಾಡೋಕೆ ಏನೂ ಕೆಲಸ ಉಳಿಯಲ್ಲ. "ರಾಜು ಮರ ಹತ್ತಿದ" ಅಂತ ಬರೆದು ರಾಜು ಮರ ಹತ್ತಿದ ಚಿತ್ರ ಹಾಕಿದರೆ ಅದು ಪಾಠದ ಪುಸ್ತಕ ಆಯಿತು. ಅದೇ "ಮನೆಯಲ್ಲಿ ಎಲ್ಲರೂ ಮಲಗಿದ್ದರು" ಅಂತ ಬರೆದು, ಚಿತ್ರದಲ್ಲಿ ಮಂಚದ ಕೆಳಗೆ ಎರಡು ಕಣ್ಣು ಹೊಳೆಯುತ್ತಿದ್ದರೆ? ನಾವು ಸಾಲು ಓದಿ ಮುಗಿಸಿ ಪುಟ ತಿರುವೋಕೆ ಹೋಗುತ್ತೇವೆ, ಮಗು ಕೈ ಹಿಡಿಯುತ್ತದೆ. "ತಡಿ, ತಿರುವಬ್ಯಾಡ." ಓದೋಕೆ ಬರದ ಮಗುವಿಗೆ ಆ ಪುಟದಲ್ಲಿ ನಮಗಿಂತ ಜಾಸ್ತಿ ಗೊತ್ತಿರುತ್ತದೆ, ಆ ಖುಷಿಗೇ ಅದು ಮತ್ತೆ ಮತ್ತೆ ಪುಸ್ತಕ ತರೋದು. ಅಂಗಡಿಯಲ್ಲಿ ಪುಸ್ತಕ ಆರಿಸುವಾಗ ನಾನು ಮಾತು ಓದೋದೇ ಇಲ್ಲ. ಬರೀ ಚಿತ್ರ ನೋಡುತ್ತಾ ಹೋಗುತ್ತೇನೆ. ಕಥೆ ಮುಕ್ಕಾಲು ಭಾಗ ಚಿತ್ರದಿಂದಲೇ ಗೊತ್ತಾದರೆ, ಮತ್ತೆ ಯಾವುದಾದರೂ ಒಂದು ಪುಟದಲ್ಲಿ ನನಗೇ ನಗು ಬಂದರೆ, ತಗೊಂಡುಬಿಡುತ್ತೇನೆ. ಪುಟ ತಿರುವೋ ಜಾಗವನ್ನೂ ನೋಡಿ. ಒಳ್ಳೆಯ ಪುಸ್ತಕದಲ್ಲಿ ಬಲಗಡೆಯ ಪುಟದಲ್ಲಿ ಏನೋ ಶುರುವಾಗಿ, ತಿರುವಿದ ಮೇಲೆ ಅದು ಏನು ಅಂತ ಗೊತ್ತಾಗುತ್ತದೆ. ಬಾಲ ಮಾತ್ರ ಕಾಣುತ್ತದೆ, ಆನೆ ಆಮೇಲೆ. ಇಡೀ ಆನೆ ಮೊದಲ ಪುಟದಲ್ಲೇ ಬಂದು ನಿಂತರೆ ತಿರುವೋಕೆ ಆಸೆ ಎಲ್ಲಿಂದ ಬರಬೇಕು?

ತೂಲಿಕಾ ಪ್ರಕಾಶನದ ಪುಸ್ತಕಗಳೂ ನನಗೆ ಬಹಳ ಇಷ್ಟ. ಚೆನ್ನೈನವರು, 1996ರಿಂದ ಇದ್ದಾರೆ, ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ ತರುತ್ತಾರೆ. ಕೆಲವು ಪುಸ್ತಕಗಳಲ್ಲಿ ಒಂದೇ ಪುಟದಲ್ಲಿ ಇಂಗ್ಲಿಷೂ ಕನ್ನಡವೂ ಇರುತ್ತದೆ. ಇಂಗ್ಲಿಷ್ ಮೀಡಿಯಂಗೆ ಹೋಗೋ ಮಕ್ಕಳ ಅಪ್ಪ-ಅಮ್ಮಂದಿರಿಗೆ ಇದು ಸಮಾಧಾನ ಕೊಡುತ್ತದೆ ಅನ್ನೋದು ನಿಜ. ಆದರೆ ಓದಿ ಹೇಳುವಾಗ ಒಂದು ದಿನ ಒಂದೇ ಭಾಷೆ ಓದಿ. ಸಾಲಿಗೊಮ್ಮೆ ಆಚೆ ಈಚೆ ಹಾರಿದರೆ ಕಥೆಯ ಓಟ ತಪ್ಪುತ್ತದೆ. ಕಾಗದ, ಮುದ್ರಣ ಗಟ್ಟಿ, ಚಿತ್ರಗಳಲ್ಲಿ ತರಹೇವಾರಿ. ನಮ್ಮ ಜನಪದದ ಗೆರೆಗಳಿಂದ ಹಿಡಿದು ಬಟ್ಟೆ ತುಂಡು ಅಂಟಿಸಿ ಮಾಡಿದ ಹಾಗಿರೋ ಚಿತ್ರದವರೆಗೂ ನೋಡಿದ್ದೇನೆ. ಬೆಲೆ ಸ್ವಲ್ಪ ಮೇಲೆ. ನಾನು ಹುಟ್ಟುಹಬ್ಬಕ್ಕೆ ಕೊಡೋಕೆ ಇವನ್ನೇ ಇಟ್ಟುಕೊಂಡಿದ್ದೇನೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯದ ಪುಸ್ತಕಗಳು ಕನ್ನಡದಲ್ಲಿ ಸಿಕ್ಕರೆ ಬಿಡಬೇಡಿ. ಅಗ್ಗ, ಮತ್ತು ಅದರಲ್ಲಿ ಹಳೇ ಕಲಾವಿದರು ಕೈಯಿಂದಲೇ ಬಿಡಿಸಿದ ಒಳ್ಳೆಯ ಚಿತ್ರಗಳಿವೆ. ಆದರೆ ಅವು ಹೆಚ್ಚಾಗಿ ಐದಾರು ವರ್ಷ ದಾಟಿದವರಿಗೆ ಒಗ್ಗುತ್ತವೆ.

ಕೊಳ್ಳುವಾಗ ನೋಡಬೇಕಾದ ಒಂದೆರಡು ವಿಷಯ ಯಾರೂ ಹೇಳೋದಿಲ್ಲ, ಅದನ್ನು ಹೇಳುತ್ತೇನೆ. ಕನ್ನಡ ಅಕ್ಷರಕ್ಕೆ ಕೆಳಗೆ ಒತ್ತು ಬರುತ್ತದೆ. ಇಂಗ್ಲಿಷ್ ಪುಸ್ತಕದ ಅಳತೆಯಲ್ಲೇ ಸಾಲು ಕೂರಿಸಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ದೊಡ್ಡವರು ಹೇಗೋ ಓದಿಬಿಡುತ್ತಾರೆ. ಈಗಷ್ಟೇ ಅಕ್ಷರ ಕೂಡಿಸುತ್ತಿರೋ ಆರು ವರ್ಷದ ಹುಡುಗ ಅಲ್ಲೇ ನಿಂತುಬಿಡುತ್ತಾನೆ. ಸಾಲಿನ ನಡುವೆ ಧಾರಾಳ ಜಾಗ ಇದೆಯಾ ನೋಡಿ. ಬಣ್ಣದ ಚಿತ್ರದ ಮೇಲೇ ಅಕ್ಷರ ಹಾಕಿದ್ದರೆ, ಕಡುಹಸಿರಿನ ಮೇಲೆ ಕಪ್ಪು ಅಕ್ಷರ ಇದೆಯಾ ನೋಡಿ, ಇದ್ದರೆ ಬಿಟ್ಟುಬಿಡಿ, ಸಂಜೆ ಟ್ಯೂಬ್‌ಲೈಟಿನ ಕೆಳಗೆ ಅದನ್ನು ಓದೋಕೆ ಅಜ್ಜಿಯಂದಿರಿಗೆ ಆಗೋದೇ ಇಲ್ಲ. ಹೊಳೆಯೋ ಕಾಗದವೂ ಅಷ್ಟೇ, ಬೆಳಕು ಕಣ್ಣಿಗೆ ಹೊಡೆಯುತ್ತದೆ. ಮಬ್ಬು ಕಾಗದ ಒಳ್ಳೆಯದು. ನಡುವೆ ಪಿನ್ ಹೊಡೆದ ತೆಳು ಪುಸ್ತಕ ಯಾರದ್ದೇ ಆಗಲಿ, ಎರಡು ವರ್ಷದ ಕೂಸಿನ ಕೈಯಲ್ಲಿ ಉಳಿಯಲ್ಲ. ಅಷ್ಟು ಸಣ್ಣವರಿಗೆ ರಟ್ಟಿನ ಪುಟದ ಪುಸ್ತಕವೇ ಬೇಕು. ನಾನು ಪಿನ್ ಪುಸ್ತಕಗಳ ಬೆನ್ನಿಗೆ ಒಳಗೂ ಹೊರಗೂ ಅಗಲ ಟೇಪು ಹಚ್ಚಿ ಇಡುತ್ತೇನೆ. ಆಮೇಲೆ ನೆಲದ ಮೇಲೆ ಎಷ್ಟು ಎಳೆದಾಡಿದರೂ ಪುಟ ಬರೋದಿಲ್ಲ.

ದುಡ್ಡೇ ಹಾಕೋದು ಬೇಡ, ಮೊದಲು ನೋಡೋಣ ಅನ್ನೋರಿಗೆ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ ಇದೆ. ಪ್ರಥಮ್ ಬುಕ್ಸ್‌ನವರದೇ, 2015ರ ಸೆಪ್ಟೆಂಬರ್ 8ರಂದು ಶುರು ಮಾಡಿದ್ದು. ಪೂರ್ತಿ ಉಚಿತ. ಭಾಷೆ ಕನ್ನಡ ಅಂತ ಆರಿಸಿ, ಲೆವೆಲ್ ಆರಿಸಿ, ಫೋನಿನಲ್ಲೇ ಪುಟ ತಿರುವುತ್ತಾ ಓದಬಹುದು, ಇಳಿಸಿಕೊಳ್ಳಲೂಬಹುದು. ಇಲ್ಲಿನ ಕಥೆಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿಕೊಂಡರೆ ಸಾಕು, ಯಾರು ಬೇಕಾದರೂ ಮುದ್ರಿಸಬಹುದು, ಶಾಲೆಯಲ್ಲಿ ಹಂಚಬಹುದು, ಬೇರೆ ಭಾಷೆಗೂ ತರಬಹುದು. ಇದು ಎಷ್ಟು ದೊಡ್ಡ ವಿಷಯ ಅಂತ ನಮ್ಮ ಕಡೆಯ ಅಂಗನವಾಡಿ ಅಕ್ಕಂದಿರಿಗೆ, ನಲಿ-ಕಲಿ ತರಗತಿಯ ಶಿಕ್ಷಕರಿಗೆ ತಲುಪಬೇಕು. ನನ್ನ ಗೆಳತಿ ಒಬ್ಬಳು ಗದಗ ಜಿಲ್ಲೆಯ ಹಳ್ಳಿ ಶಾಲೆಯಲ್ಲಿ ಕಲಿಸುತ್ತಾಳೆ. ಅವಳು ಕಥೆಯನ್ನು ಮೊದಲೇ ಇಳಿಸಿಕೊಂಡು ಹೋಗಿ, ಪ್ರೊಜೆಕ್ಟರಿನಲ್ಲಿ ಗೋಡೆಗೆ ಹಾಕುತ್ತಾಳೆ. ಇಡೀ ತರಗತಿ ಒಂದೇ ಸಲ ಒಂದೇ ಚಿತ್ರ ನೋಡುತ್ತದೆ, ಮಕ್ಕಳು ಎದ್ದು ಹೋಗಿ ಗೋಡೆ ಮೇಲಿನ ಕೋಳಿಯನ್ನು ಮುಟ್ಟಿ ತೋರಿಸುತ್ತಾರಂತೆ.

ಯಾರು ಬೇಕಾದರೂ ಬರೆದು ಸೇರಿಸಬಹುದಾದ ಜಾಗ ಅದು, ಹಾಗಾಗಿ ಮಗುವಿಗೆ ತೋರಿಸೋ ಮೊದಲು ನೀವು ಒಮ್ಮೆ ಓದಿ. ಪ್ರಕಾಶಕರ ಹೆಸರು ನೋಡಿ ಆರಿಸಿದರೆ ಕೆಲಸ ಸುಲಭ. ಮನೆಯಲ್ಲಿ ಓದೋಕೆ ಮಾತ್ರ ನನ್ನ ಮತ ಅಚ್ಚಾದ ಪುಸ್ತಕಕ್ಕೇ. ಫೋನು ಕೈಗೆ ಬಂದರೆ ಮಕ್ಕಳ ಕೈ ಕಥೆಯಿಂದ ಮುಂದಿನ ಕಾರ್ಟೂನಿಗೆ ಓಡುತ್ತದೆ, ಅದು ನಮ್ಮೆಲ್ಲರ ಮನೆಯ ಕಥೆ. ಮತ್ತೆ ಎರಡು ಪುಟ ಸೇರಿ ಒಂದು ದೊಡ್ಡ ಚಿತ್ರ ಇರುತ್ತದಲ್ಲ, ಫೋನಿನಲ್ಲಿ ಅದು ಅಂಗೈ ಅಗಲ ಆಗಿಬಿಡುತ್ತದೆ. ಇಳಿಸಿಕೊಂಡು ಬಣ್ಣದ ಪ್ರಿಂಟ್ ತೆಗೆಸೋಣ ಅಂದರೆ ನಮ್ಮ ಝೆರಾಕ್ಸ್ ಅಂಗಡಿಗಳ ದರದಲ್ಲಿ ಇಪ್ಪತ್ತು ಪುಟಕ್ಕೆ ಆಗೋ ದುಡ್ಡಿಗೆ ಅಚ್ಚಾದ ಪುಸ್ತಕವೇ ಬರುತ್ತದೆ. ಇಷ್ಟವಾದ ಕಥೆ ಅಲ್ಲಿ ಗುರುತು ಮಾಡಿಕೊಳ್ಳಿ, ಆಮೇಲೆ ಅದರ ಪುಸ್ತಕ ತರಿಸಿ. ನಾನು ಹಾಗೇ ಮಾಡೋದು.

ಇಷ್ಟೆಲ್ಲ ಹೊಗಳಿದ ಮೇಲೆ ನನ್ನ ಮನಸ್ಸಿನಲ್ಲಿರೋ ಒಂದು ಆಸೆ ಹೇಳಲೇಬೇಕು. ನನ್ನ ಕೈಗೆ ಬಂದ ಪುಸ್ತಕಗಳಲ್ಲಿ ನಮ್ಮ ಕಡೆಯ ನೆಲ ಕಾಣಿಸಿದ್ದು ಬಹಳ ಅಪರೂಪ. ಎರೆಮಣ್ಣಿನ ಹೊಲ, ಜೋಳದ ತೆನೆ, ರೊಟ್ಟಿ ಬಡಿಯೋ ಅಜ್ಜಿ, ಕಾರಹುಣ್ಣಿಮೆಗೆ ಬಣ್ಣ ಹಚ್ಚಿಸಿಕೊಂಡು ಓಡೋ ಎತ್ತು, ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳ ಕೈಯಲ್ಲೇ ಹುಟ್ಟೋ ಮಣ್ಣಿನ ಎತ್ತು. ಇದರಲ್ಲಿ ಒಂದೊಂದೂ ಒಂದು ಪುಸ್ತಕ ಆಗೋ ಅಷ್ಟು ಬಣ್ಣ ಇದೆಯಲ್ಲವೇ? ಮಣ್ಣಿನ ಎತ್ತು ರಾತ್ರಿ ಎದ್ದು ಜಗುಲಿಯಿಂದ ಇಳಿದು ಹೋಯಿತು ಅಂತ ಶುರು ಮಾಡಿದರೆ ಸಾಕು, ಉಳಿದದ್ದು ಮಕ್ಕಳೇ ಹೇಳುತ್ತಾರೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡೋ ಬಸ್ಸಿಗೆ ನಾವು ಚಿಗರಿ, ಅಂದರೆ ಜಿಂಕೆ, ಅಂತ ಹೆಸರಿಟ್ಟಿದ್ದೇವೆ. ಆ ಬಸ್ಸು ಒಂದು ದಿನ ನಿಜವಾಗಿ ಕೊಂಬು ಮೂಡಿಸಿಕೊಂಡು ಉಣಕಲ್ ಕೆರೆಗೆ ನೀರು ಕುಡಿಯೋಕೆ ಹೋದರೆ ಹೇಗಿರುತ್ತದೆ ಅಂತ ಮಗಳಿಗೆ ಬಾಯಲ್ಲೇ ಕಥೆ ಹೇಳುತ್ತೇನೆ. ಚಿತ್ರ ಬಿಡಿಸೋಕೆ ನನಗೆ ಬರೋದಿಲ್ಲ. ಬರೋರು ಇಲ್ಲಿ ಎಷ್ಟೊಂದು ಜನ ಇದ್ದಾರೆ! ಧಾರವಾಡದಲ್ಲಿ ಹಾಲಭಾವಿಯವರು ಕಟ್ಟಿದ ಕಲಾ ಶಾಲೆ, ಗದಗಿನಲ್ಲಿ ಅಕ್ಕಿಯವರ ವಿಜಯ ಕಲಾ ಮಂದಿರ, ಶಿಗ್ಗಾವಿ ಹತ್ತಿರ ಗೊಟಗೋಡಿಯಲ್ಲಿ ಹಳ್ಳಿಯ ಬದುಕನ್ನೇ ಶಿಲ್ಪ ಮಾಡಿ ನಿಲ್ಲಿಸಿದ ಉತ್ಸವ ರಾಕ್ ಗಾರ್ಡನ್. ಅಲ್ಲಿ ಆ ಶಿಲ್ಪಗಳ ಮುಂದೆ ಮಕ್ಕಳು ನಿಲ್ಲೋದನ್ನು ನೋಡಿದರೆ ಗೊತ್ತಾಗುತ್ತದೆ, ತಮ್ಮ ಮನೆಯಂಥ ಮನೆ, ತಮ್ಮ ಅಜ್ಜನಂಥ ಅಜ್ಜ ಕಂಡರೆ ಅವರಿಗೆ ಎಷ್ಟು ಖುಷಿ ಅಂತ. ಈ ಕಲಾವಿದರಲ್ಲಿ ಒಂದಿಬ್ಬರು ಹದಿನಾರು ಪುಟದ ಒಂದು ಪುಸ್ತಕಕ್ಕೆ ಕೂತರೆ ಸಾಕು. ಧಾರವಾಡದಲ್ಲೇ ಬಾಲವಿಕಾಸ ಅಕಾಡೆಮಿ ಇದೆ, ಅವರು ಮನಸ್ಸು ಮಾಡಲಿ ಅಂತ ನಾನು ಕಳಕಳಿಯಿಂದ ಕೇಳುತ್ತೇನೆ.

ಕೊನೆಗೆ, ಎಲ್ಲಿ ಸಿಗುತ್ತದೆ ಅನ್ನೋದು. ಹುಬ್ಬಳ್ಳಿಯ ಸಪ್ನಾ ಬುಕ್ ಹೌಸಿನಲ್ಲಿ ಮಕ್ಕಳ ವಿಭಾಗ ಇದೆ, ಸಮಯ ಇಟ್ಟುಕೊಂಡು ಹೋಗಿ, ಕೆಳಗಿನ ಸಾಲಿನವರೆಗೂ ಕೂತು ಹುಡುಕಿ. ಉಳಿದ ಅಂಗಡಿಗಳಲ್ಲಿ ಪ್ರಕಾಶಕರ ಹೆಸರು ಹೇಳಿ ತರಿಸಿಕೊಡಿ ಅಂತ ಕೇಳಿ, ನಾಲ್ಕು ಮನೆಯವರು ಸೇರಿ ಒಟ್ಟಿಗೆ ಕೇಳಿದರೆ ತರಿಸುತ್ತಾರೆ. ಸಾಹಿತ್ಯ ಸಮ್ಮೇಳನ ಬಂದಾಗ ಮಳಿಗೆಗಳನ್ನು ಬಿಡಬೇಡಿ. 2019ರ ಜನವರಿಯಲ್ಲಿ ಧಾರವಾಡದಲ್ಲಿ, 2023ರ ಜನವರಿಯಲ್ಲಿ ಹಾವೇರಿಯಲ್ಲಿ ಆಯಿತಲ್ಲ, ಹಾವೇರಿಯಿಂದ ನಾನು ಒಂದು ಚೀಲ ತುಂಬ ಮಕ್ಕಳ ಪುಸ್ತಕ ಹೊತ್ತು ತಂದೆ. ಕೈಯಲ್ಲಿ ಹಿಡಿದು, ತಿರುವಿ, ಕಾಗದ ಮುಟ್ಟಿ ನೋಡಿ ಕೊಳ್ಳೋ ಅವಕಾಶ ಅಲ್ಲಿ ಸಿಕ್ಕಷ್ಟು ಬೇರೆಲ್ಲೂ ಸಿಗಲ್ಲ.

ಆನ್‌ಲೈನ್‌ನಲ್ಲಿ ತರಿಸೋರು ಒಂದು ಎಚ್ಚರ ಇಟ್ಟುಕೊಳ್ಳಿ. ಒಂದೇ ಪುಸ್ತಕ ಅದೇ ಮುಖಪುಟದ ಚಿತ್ರದಲ್ಲಿ ಹಿಂದಿ, ತೆಲುಗು, ಮರಾಠಿ ಎಲ್ಲದರಲ್ಲೂ ಇರುತ್ತದೆ. ಭಾಷೆ ಅನ್ನೋ ಜಾಗದಲ್ಲಿ ಕನ್ನಡ ಅಂತ ಇದೆಯಾ ನೋಡಿಕೊಂಡೇ ಆರ್ಡರ್ ಒತ್ತಿ. ಲೆವೆಲ್ ಕೂಡ ಅಲ್ಲೇ ಬರೆದಿರುತ್ತಾರೆ. ಮೊದಲ ಸಲಕ್ಕೆ ಒಂದನೇ ಲೆವೆಲ್‌ನ ಮೂರು, ಎರಡನೇ ಲೆವೆಲ್‌ನ ಎರಡು ತರಿಸಿ ನೋಡಿ. ಯಾವುದನ್ನು ಮಗು ಎರಡನೇ ಸಲ ಕೇಳುತ್ತದೋ ಆ ತರಹದ್ದನ್ನೇ ಮುಂದೆ ತರಿಸಿ.